ರೋಗಿಯ ಹಕ್ಕೇ ರೋಗಕ್ಕೆ ತಡೆ ಎಂದ ವೈದ್ಯ: ಡಾ. ಜೊನಾಥನ್ ಮಾನ್

ಪ್ರತಿ ವರ್ಷ ಡಿಸೆಂಬರ್ 1 ಬಂತೆಂದರೆ ಜಿಲ್ಲಾ ಕೇಂದ್ರಗಳಲ್ಲಿ ಶಾಲಾ ಮಕ್ಕಳ ಜಾಥಾ ಹೊರಡುತ್ತದೆ. ಆಸ್ಪತ್ರೆಗಳ ಮುಂದೆ ಕೆಂಪು ರಿಬ್ಬನ್ನಿನ ಬ್ಯಾನರ್ ಏರುತ್ತದೆ. ವಿಶ್ವ ಏಡ್ಸ್ ದಿನವೆಂಬ ಈ ಆಚರಣೆಗೆ ಮೊದಲ ಬಾರಿ ಚಾಲನೆ ದೊರೆತದ್ದು 1988ರಲ್ಲಿ. ಜಿನೀವಾದ ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ಪ್ರಚಾರಾಧಿಕಾರಿಗಳಾಗಿದ್ದ ಜೇಮ್ಸ್ ಬನ್ ಮತ್ತು ಥಾಮಸ್ ನೆಟ್ಟರ್ ಅದರ ಹಿಂದಿನ ವರ್ಷ ಈ ಸಲಹೆಯನ್ನು ಮುಂದಿಟ್ಟಿದ್ದರು. ದಿನಾಂಕದ ಆಯ್ಕೆಯ ಹಿಂದೆ ಯಾವ ಘನವಾದ ತತ್ವವೂ ಇರಲಿಲ್ಲ. ಅಮೆರಿಕದ ಚುನಾವಣೆ ಆ ಹೊತ್ತಿಗೆ ಮುಗಿದಿರುತ್ತದೆ, ಕ್ರಿಸ್‌ಮಸ್ ಸಡಗರ ಇನ್ನೂ ಮೊದಲಾಗಿರುವುದಿಲ್ಲ, ಹಾಗಾಗಿ ಸುದ್ದಿ ಮಾಧ್ಯಮಗಳಲ್ಲಿ ಜಾಗ ಸಿಗುತ್ತದೆ ಎಂಬ ಲೆಕ್ಕಾಚಾರವಷ್ಟೇ. ಆ ಸಲಹೆಗೆ ಒಪ್ಪಿಗೆಯ ಮುದ್ರೆ ಒತ್ತಿದ ಮೇಲಧಿಕಾರಿ ಡಾ. ಜೊನಾಥನ್ ಮಾನ್.

ದಿನಾಚರಣೆ ಉಳಿದುಕೊಂಡಿತು, ಮಾನ್ ಅವರ ಹೆಸರು ಮಾತ್ರ ಹಿಂದೆ ಸರಿಯಿತು. ಆದರೆ ಎಚ್‌ಐವಿ ಸೋಂಕನ್ನು ಎದುರಿಸಲು ಜಗತ್ತು ಹಿಡಿದ ದಾರಿಯನ್ನು ಮೊದಲು ಗುರುತಿಸಿ ತೋರಿಸಿದವರಲ್ಲಿ ಅವರು ಅಗ್ರಗಣ್ಯರು. ಸಾಂಕ್ರಾಮಿಕ ರೋಗ ಬಂದಾಗಲೆಲ್ಲ ರೋಗಿಯನ್ನು ಊರಾಚೆ ಇಡುವುದು, ಅವನ ಮನೆಗೆ ಗುರುತು ಹಾಕುವುದು, ಬಲವಂತವಾಗಿ ಹಿಡಿದೊಯ್ಯುವುದು ಶತಮಾನಗಳಿಂದ ನಡೆದುಬಂದ ಕ್ರಮ. ಏಡ್ಸ್ ವಿಷಯದಲ್ಲಿ ಈ ಕ್ರಮ ಕ್ರೂರ ಎನ್ನುವುದಕ್ಕಿಂತ ಹೆಚ್ಚಾಗಿ ನಿಷ್ಪ್ರಯೋಜಕ ಎಂಬುದು ಅವರ ವಾದದ ತಿರುಳಾಗಿತ್ತು.

ಪ್ಲೇಗಿನ ನಾಡಿನಿಂದ ಕಿನ್ಶಾಸಾಗೆ

ಜೊನಾಥನ್ ಮಾನ್ ಜನಿಸಿದ್ದು 1947ರ ಜುಲೈ 30ರಂದು, ಅಮೆರಿಕದ ಬಾಸ್ಟನ್ ನಗರದಲ್ಲಿ. ಹಾರ್ವರ್ಡ್‌ನಲ್ಲಿ ಅವರು ಓದಿದ್ದು ಇತಿಹಾಸ. ನಡುವೆ ಪ್ಯಾರಿಸ್ಸಿನಲ್ಲಿ ಒಂದು ವರ್ಷ ರಾಜ್ಯಶಾಸ್ತ್ರದ ಅಧ್ಯಯನ ನಡೆಸಿದರು. ಆ ಒಂದು ವರ್ಷ ಅವರಿಗೆ ಫ್ರೆಂಚ್ ಭಾಷೆಯನ್ನು ಕರಗತ ಮಾಡಿಸಿತು. ಮುಂದೆ ಆಫ್ರಿಕಾದಲ್ಲಿ ಅವರ ಕೈಹಿಡಿದದ್ದು ವೈದ್ಯಕೀಯ ಪದವಿಯಷ್ಟೇ ಈ ಭಾಷೆಯೂ ಹೌದು. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಿಂದ 1974ರಲ್ಲಿ ವೈದ್ಯರಾಗಿ ಹೊರಬಂದ ಮಾನ್, ಮರುವರ್ಷ ಅಮೆರಿಕದ ರೋಗ ನಿಯಂತ್ರಣ ಕೇಂದ್ರವನ್ನು ಸೇರಿದರು. ಅವರನ್ನು ನಿಯೋಜಿಸಿದ್ದು ನ್ಯೂ ಮೆಕ್ಸಿಕೊ ರಾಜ್ಯಕ್ಕೆ.

ಕಾಡು ದಂಶಕಗಳ ಮೈಮೇಲಿನ ಚಿಗಟಗಳಿಂದ ಮನುಷ್ಯರಿಗೆ ಪ್ಲೇಗ್ ತಗಲುವ ಪ್ರಕರಣಗಳು ಅಲ್ಲಿ ಆಗಲೂ ಇದ್ದವು, ಈಗಲೂ ಅಪರೂಪಕ್ಕೆ ವರದಿಯಾಗುತ್ತವೆ. ರಾಜ್ಯದ ಸಾಂಕ್ರಾಮಿಕ ರೋಗ ತಜ್ಞರಾಗಿ 1984ರವರೆಗೆ ಮಾನ್ ಅಲ್ಲಿ ಕೆಲಸ ಮಾಡಿದರು. ರೋಗದ ಬೆನ್ನು ಹತ್ತಿ ಮನೆ ಮನೆ ಸುತ್ತುವ, ಲೆಕ್ಕ ಬರೆದಿಡುವ, ಯಾರಿಗೆ ತಗಲಿತು ಎಂಬುದರ ಜೊತೆಗೆ ಯಾರಿಗೆ ತಗಲಲಿಲ್ಲ ಎಂಬುದನ್ನೂ ವಿಚಾರಿಸುವ ಶಿಸ್ತು ಅವರಿಗೆ ಅಲ್ಲಿ ಸಿದ್ಧಿಸಿತು.

ಈ ನಡುವೆ 1981ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನ ಐವರು ಯುವಕರ ವಿಚಿತ್ರ ಕಾಯಿಲೆಯ ವರದಿ ಪ್ರಕಟವಾಗಿತ್ತು. ಅಮೆರಿಕದಲ್ಲಿ ಈ ರೋಗ ಸಲಿಂಗಕಾಮಿ ಪುರುಷರದ್ದೆಂದು, ಸೂಜಿಯ ಮೂಲಕ ಮಾದಕ ವಸ್ತು ಸೇವಿಸುವವರದ್ದೆಂದು ಮುದ್ರೆ ಬಿದ್ದುಹೋಯಿತು. ಉಳಿದವರು ತಮಗೆ ಸಂಬಂಧವಿಲ್ಲವೆಂದು ನಿರಾಳರಾದರು. ಆ ನಿರಾಳತೆಗೆ ಪೆಟ್ಟು ಬಿದ್ದದ್ದು ಮಧ್ಯ ಆಫ್ರಿಕಾದಲ್ಲಿ. 1983ರ ಅಕ್ಟೋಬರ್‌ನಲ್ಲಿ ಬೆಲ್ಜಿಯಂನ ಪೀಟರ್ ಪಿಯೋ ಮತ್ತು ಅಮೆರಿಕದ ಜೋಸೆಫ್ ಮೆಕ್‌ಕಾರ್ಮಿಕ್ ಅವರಿದ್ದ ತಂಡ ಆಗಿನ ಝೈರ್ ದೇಶದ ರಾಜಧಾನಿ ಕಿನ್ಶಾಸಾಗೆ ತೆರಳಿತು. ಇಂದು ಆ ದೇಶದ ಹೆಸರು ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯ. ಮೂರೇ ವಾರಗಳಲ್ಲಿ ತಂಡಕ್ಕೆ 38 ಏಡ್ಸ್ ರೋಗಿಗಳು ಕಂಡುಬಂದರು. ಅವರಲ್ಲಿ ಗಂಡಸರೂ ಹೆಂಗಸರೂ ಹೆಚ್ಚು ಕಡಿಮೆ ಸಮಸಮ ಇದ್ದರು. ಗಂಡು ಹೆಣ್ಣಿನ ಸಾಮಾನ್ಯ ಸಂಪರ್ಕದಿಂದಲೇ ರೋಗ ಹರಡುತ್ತಿದೆ ಎಂಬುದಕ್ಕೆ ಇದು ಗಟ್ಟಿಯಾದ ಸೂಚನೆಯಾಗಿತ್ತು.

ಈ ಸೂಚನೆಯನ್ನು ಪರೀಕ್ಷಿಸಿ ನೋಡಲು ಆರಂಭವಾದದ್ದೇ ಪ್ರಾಜೆಕ್ಟ್ ಸಿಡಾ. ಏಡ್ಸ್‌ಗೆ ಫ್ರೆಂಚ್ ಭಾಷೆಯ ಸಂಕ್ಷಿಪ್ತ ರೂಪ ಸಿಡಾ. ಅಮೆರಿಕದ ಎರಡು ಸರ್ಕಾರಿ ಸಂಸ್ಥೆಗಳು, ಬೆಲ್ಜಿಯಂನ ಆಂಟ್‌ವರ್ಪ್‌ನ ಉಷ್ಣವಲಯ ವೈದ್ಯಕೀಯ ಸಂಸ್ಥೆ ಮತ್ತು ಝೈರ್ ಆರೋಗ್ಯ ಸಚಿವಾಲಯ ಕೂಡಿ ಕೈಗೊಂಡ ಈ ಯೋಜನೆಯ ಮುಖ್ಯಸ್ಥರಾಗಿ ಮಾನ್ 1984ರಲ್ಲಿ ಕಿನ್ಶಾಸಾಗೆ ಬಂದಿಳಿದರು. ಹೆಂಡತಿ ಮಕ್ಕಳೂ ಜೊತೆಗಿದ್ದರು. ಮಾಮಾ ಯೆಮೊ ಆಸ್ಪತ್ರೆಯ ವೈದ್ಯ ಬಿಲಾ ಕಪಿಟಾ ಅವರಂತಹ ಸ್ಥಳೀಯರು ಈ ಕೆಲಸಕ್ಕೆ ಹೆಗಲು ಕೊಟ್ಟರು. ಆಫ್ರಿಕಾದ ಏಡ್ಸ್ ಸಂಶೋಧನೆಯ ಕಥೆಯನ್ನು ಹೇಳುವಾಗ ಬಿಳಿಯ ವಿಜ್ಞಾನಿಗಳ ಹೆಸರುಗಳಷ್ಟೇ ಮುಂದೆ ಬರುವುದು ರೂಢಿ. ವಾರ್ಡುಗಳಲ್ಲಿ ರೋಗವನ್ನು ಅವರಿಗಿಂತ ಮೊದಲೇ ಕಂಡು ಗುರುತಿಸಿದ್ದವರು ಕಪಿಟಾ ಅವರಂಥ ವೈದ್ಯರೆಂಬುದನ್ನು ಮರೆಯಲಾಗದು.

ಎರಡು ವರ್ಷಗಳಲ್ಲಿ ಕಿನ್ಶಾಸಾದಿಂದ ಹೊರಬಂದ ಸಂಶೋಧನಾ ಫಲಿತಾಂಶಗಳು ಏಡ್ಸ್ ಕುರಿತ ಹಲವು ಭಯಗಳಿಗೆ ಉತ್ತರ ಕೊಟ್ಟವು. ರೋಗಿಯೊಡನೆ ಒಂದೇ ಮನೆಯಲ್ಲಿ ಬಾಳುವ, ಒಂದೇ ತಟ್ಟೆಯಲ್ಲಿ ಉಣ್ಣುವ, ಒಂದೇ ಹಾಸಿಗೆಯಲ್ಲಿ ಮಲಗುವ ಬಂಧುಗಳ ರಕ್ತ ಪರೀಕ್ಷಿಸಲಾಯಿತು. ಪತಿ ಪತ್ನಿಯರನ್ನು ಬಿಟ್ಟರೆ ಉಳಿದವರಲ್ಲಿ ಸೋಂಕಿನ ಪ್ರಮಾಣ ನೆರೆಹೊರೆಯವರಿಗಿಂತ ಹೆಚ್ಚಿರಲಿಲ್ಲ. ರೋಗಿಗಳ ಆರೈಕೆ ಮಾಡುವ ಆಸ್ಪತ್ರೆ ಸಿಬ್ಬಂದಿಗೆ ಆ ಕಾರಣಕ್ಕಾಗಿ ಹೆಚ್ಚಿನ ಸೋಂಕು ತಗಲಿದ್ದು ಕಂಡುಬರಲಿಲ್ಲ. ಸೊಳ್ಳೆ ಕಚ್ಚಿದರೆ ಏಡ್ಸ್ ಬರುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ವಯಸ್ಸಿನ ಲೆಕ್ಕದಲ್ಲಿಯೇ ಇತ್ತು. ಸೊಳ್ಳೆಯಿಂದ ಹರಡುವುದಾಗಿದ್ದರೆ ಆಡುವ ವಯಸ್ಸಿನ ಮಕ್ಕಳಲ್ಲಿ ಸೋಂಕು ತುಂಬಿರಬೇಕಿತ್ತು. ಆದರೆ ಸೋಂಕು ಕೇಂದ್ರೀಕೃತವಾಗಿದ್ದದ್ದು ಎಳೆಯ ಶಿಶುಗಳಲ್ಲಿ ಮತ್ತು ಪ್ರಾಯಕ್ಕೆ ಬಂದವರಲ್ಲಿ. ಮಲೇರಿಯಾದಿಂದ ರಕ್ತಹೀನರಾದ ಮಕ್ಕಳಿಗೆ ಪರೀಕ್ಷಿಸದ ರಕ್ತ ಕೊಡುವುದು ಸೋಂಕಿನ ಇನ್ನೊಂದು ಹಾದಿಯೆಂಬುದೂ ಇದೇ ಯೋಜನೆಯಿಂದ ಸ್ಪಷ್ಟವಾಯಿತು.

ಒಟ್ಟಿನಲ್ಲಿ ಸೋಂಕು ಹರಡುವ ದಾರಿಗಳು ಕೆಲವೇ ಕೆಲವು: ಲೈಂಗಿಕ ಸಂಪರ್ಕ, ರಕ್ತ ಮತ್ತು ಸೂಜಿ, ತಾಯಿಯಿಂದ ಮಗುವಿಗೆ. ಸಹಪಂಕ್ತಿ ಭೋಜನದಿಂದ, ಕೈಕುಲುಕುವುದರಿಂದ ಬಾರದ ಕಾಯಿಲೆಗೆ ಊರಿನಿಂದ ಹೊರಹಾಕುವ ಶಿಕ್ಷೆ ಏಕೆ? ಮಾನ್ ಅವರ ಮಾನವ ಹಕ್ಕುಗಳ ವಾದ ನೆಲೆಯೂರಿದ್ದು ಈ ಅಂಕಿ ಅಂಶಗಳ ಮೇಲೆ. ಅವರನ್ನು ಬರಿಯ ಆದರ್ಶವಾದಿ ಎಂದು ತಳ್ಳಿಹಾಕಿದವರು ಈ ಹಿನ್ನೆಲೆಯನ್ನು ಗಮನಿಸಲಿಲ್ಲ.

ಜಿನೀವಾದ ನಾಲ್ಕು ವರ್ಷ

ವಿಶ್ವ ಆರೋಗ್ಯ ಸಂಸ್ಥೆ ಆರಂಭದಲ್ಲಿ ಏಡ್ಸ್‌ಗೆ ಮಹತ್ವ ಕೊಟ್ಟಿರಲಿಲ್ಲ. ಮಲೇರಿಯಾ, ಅತಿಸಾರಗಳಿಂದ ಲಕ್ಷೋಪಲಕ್ಷ ಮಕ್ಕಳು ಸಾಯುತ್ತಿರುವಾಗ ಇದೊಂದು ಶ್ರೀಮಂತ ದೇಶಗಳ ತಲೆನೋವು ಎಂಬ ಭಾವನೆ ಅಲ್ಲಿತ್ತು. ಮಹಾನಿರ್ದೇಶಕರಾಗಿದ್ದ ಡೆನ್ಮಾರ್ಕಿನ ಹಾಫ್‌ಡನ್ ಮಾಲರ್, ತಾವು ಈ ಪಿಡುಗನ್ನು ಕೀಳಂದಾಜು ಮಾಡಿದ್ದಾಗಿ 1986ರ ನವೆಂಬರ್‌ನಲ್ಲಿ ಬಹಿರಂಗವಾಗಿ ಒಪ್ಪಿಕೊಂಡರು. ಅಷ್ಟು ದೊಡ್ಡ ಹುದ್ದೆಯಲ್ಲಿರುವವರು ಹೀಗೆ ಒಪ್ಪಿಕೊಳ್ಳುವುದು ಅಪರೂಪ. ಅದೇ ವರ್ಷದ ಮಧ್ಯಭಾಗದಲ್ಲಿ ಮಾನ್ ಜಿನೀವಾಗೆ ಬಂದಿದ್ದರು. ಒಬ್ಬ ಕಾರ್ಯದರ್ಶಿಯ ನೆರವಿನಿಂದ ಆರಂಭವಾದ ಅವರ ಕಚೇರಿ 1987ರಲ್ಲಿ ಅಧಿಕೃತ ಕಾರ್ಯಕ್ರಮವಾಯಿತು. ನಂತರ ಏಡ್ಸ್ ಕುರಿತ ಜಾಗತಿಕ ಕಾರ್ಯಕ್ರಮವೆಂಬ ಹೆಸರು ಪಡೆಯಿತು. 1990ರ ಹೊತ್ತಿಗೆ ಅದು 200ಕ್ಕೂ ಹೆಚ್ಚು ಸಿಬ್ಬಂದಿಯಿದ್ದ, ವರ್ಷಕ್ಕೆ ಸುಮಾರು 10 ಕೋಟಿ ಡಾಲರ್ ವೆಚ್ಚದ, ಸಂಸ್ಥೆಯ ಅತಿ ದೊಡ್ಡ ಕಾರ್ಯಕ್ರಮಗಳಲ್ಲಿ ಒಂದಾಗಿ ಬೆಳೆದಿತ್ತು.

ಮಾನ್ ದೇಶದಿಂದ ದೇಶಕ್ಕೆ ಓಡಾಡಿದರು. ತಮ್ಮಲ್ಲಿ ಏಡ್ಸ್ ಇಲ್ಲವೆಂದು ವಾದಿಸುತ್ತಿದ್ದ ಸಚಿವರನ್ನು ಮಾತಿಗೆ ಕೂರಿಸಿದರು. 150ಕ್ಕೂ ಹೆಚ್ಚು ದೇಶಗಳು ಸಂಸ್ಥೆಯ ನೆರವಿನಿಂದ ಏಡ್ಸ್ ನಿಯಂತ್ರಣದ ಹಾದಿ ಹಿಡಿದವು. ಭಾರತವೂ ಅವುಗಳಲ್ಲಿ ಒಂದು. ಡಾ. ಸುನೀತಿ ಸೋಲೊಮನ್ ಮತ್ತು ಅವರ ವಿದ್ಯಾರ್ಥಿನಿ ಡಾ. ನಿರ್ಮಲಾ ಅವರ ಶ್ರಮದಿಂದ 1986ರಲ್ಲಿ ಮದರಾಸಿನಲ್ಲಿ ದೇಶದ ಮೊದಲ ಸೋಂಕಿನ ಪ್ರಕರಣಗಳು ಪತ್ತೆಯಾಗಿದ್ದವು. 1989ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬೆಂಬಲದೊಂದಿಗೆ 1 ಕೋಟಿ ಡಾಲರ್ ವೆಚ್ಚದ ಮಧ್ಯಮಾವಧಿ ಯೋಜನೆ ರೂಪುಗೊಂಡಿತು. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಅಸ್ತಿತ್ವಕ್ಕೆ ಬಂದದ್ದು ಅದಾದ ಮೇಲೆ, 1992ರಲ್ಲಿ.

1987ರ ಅಕ್ಟೋಬರ್‌ನಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಏಡ್ಸ್ ಕುರಿತು ಚರ್ಚಿಸಿತು. ಒಂದು ರೋಗ ಆ ಸಭೆಯ ಚರ್ಚೆಯ ವಸ್ತುವಾದದ್ದು ಅದೇ ಮೊದಲು. ಅಲ್ಲಿ ಮಾತನಾಡಿದ ಮಾನ್, ಜಗತ್ತನ್ನು ಬಾಧಿಸುತ್ತಿರುವ ಸಾಂಕ್ರಾಮಿಕಗಳು ಒಂದಲ್ಲ, ಮೂರು ಎಂದು ವಿವರಿಸಿದರು. ಮೊದಲನೆಯದು ಸದ್ದಿಲ್ಲದೆ ಹರಡುವ ವೈರಸ್ಸಿನ ಸೋಂಕು. ಎರಡನೆಯದು ವರ್ಷಗಳ ನಂತರ ತಲೆಯೆತ್ತುವ ಏಡ್ಸ್ ಕಾಯಿಲೆ. ಮೂರನೆಯದು ಕಳಂಕ, ತಾರತಮ್ಯ, ನಿರಾಕರಣೆಗಳ ರೂಪದಲ್ಲಿ ಸಮಾಜ ತೋರುವ ಪ್ರತಿಕ್ರಿಯೆ. ರೋಗದಷ್ಟೇ ಈ ಮೂರನೆಯದನ್ನೂ ಎದುರಿಸದೆ ಗತ್ಯಂತರವಿಲ್ಲವೆಂಬುದು ಅವರ ನಿಲುವಾಗಿತ್ತು.

ಈ ನಿಲುವಿನ ಹಿಂದಿನ ತರ್ಕ ಸರಳ. ಸೋಂಕು ತಗಲಿದ ವ್ಯಕ್ತಿಗೆ ಹಲವು ವರ್ಷ ಯಾವ ಲಕ್ಷಣವೂ ಇರುವುದಿಲ್ಲ. ತಾನಾಗಿ ಬಂದು ಪರೀಕ್ಷೆ ಮಾಡಿಸಿಕೊಂಡರೆ ಮಾತ್ರ ವಿಷಯ ತಿಳಿಯುತ್ತದೆ. ಪರೀಕ್ಷೆಯಿಂದ ಕೆಲಸ ಹೋಗುವುದಾದರೆ, ಬಾಡಿಗೆ ಮನೆ ಖಾಲಿ ಮಾಡಬೇಕಾದರೆ, ಮಗುವನ್ನು ಶಾಲೆಯಿಂದ ಹೊರಗೆ ಕಳಿಸುವುದಾದರೆ, ಪೊಲೀಸರು ಬಾಗಿಲಿಗೆ ಬರುವುದಾದರೆ ಯಾರು ತಾನೇ ಪರೀಕ್ಷೆಗೆ ಬಂದಾರು? ಬಾರದವರು ತಮಗರಿಯದೆ ಇತರರಿಗೆ ಸೋಂಕು ದಾಟಿಸುತ್ತಲೇ ಇರುತ್ತಾರೆ. ಆದ್ದರಿಂದ ಸೋಂಕಿತನ ಘನತೆಯನ್ನು ಕಾಯುವುದು ಸೋಂಕಿಲ್ಲದವನ ರಕ್ಷಣೆಯ ಉಪಾಯವೂ ಹೌದು.

ಇದು ಎಷ್ಟು ನಿಜವೆಂಬುದಕ್ಕೆ ನಮ್ಮ ನೆರೆಯ ಗೋವಾದಲ್ಲಿಯೇ ಉದಾಹರಣೆಯಿದೆ. ರಕ್ತದಾನ ಮಾಡಿದ್ದ ಡೊಮಿನಿಕ್ ಡಿಸೋಜಾ ಎಂಬ ಯುವಕನಲ್ಲಿ ಸೋಂಕು ಪತ್ತೆಯಾದದ್ದೇ ತಡ, 1989ರಲ್ಲಿ ಆಗಿನ ಸಾರ್ವಜನಿಕ ಆರೋಗ್ಯ ಕಾನೂನಿನ ಅಡಿ ಅವರನ್ನು ಬಂಧಿಸಿ, ಹಿಂದೆ ಕ್ಷಯ ರೋಗಿಗಳಿಗಾಗಿ ಇದ್ದ ಕಟ್ಟಡದಲ್ಲಿ 64 ದಿನ ಒಂಟಿಯಾಗಿ ಇಡಲಾಯಿತು. ರಕ್ತ ಕೊಡಲು ಹೋದವನಿಗೆ ಇಂಥ ಗತಿಯಾದರೆ ಬೇರೆಯವರು ರಕ್ತ ಪರೀಕ್ಷೆಯ ಹತ್ತಿರ ಸುಳಿಯುವುದು ದೂರದ ಮಾತು. ಆತ 1992ರಲ್ಲಿ ತೀರಿಕೊಂಡರು. ಕ್ಯೂಬಾದಲ್ಲಿಯೂ 1986ರಿಂದ ಸೋಂಕಿತರನ್ನು ಪ್ರತ್ಯೇಕ ವಸತಿಗಳಲ್ಲಿ ಕಡ್ಡಾಯವಾಗಿ ಇರಿಸುವ ಪದ್ಧತಿ ಜಾರಿಯಲ್ಲಿತ್ತು. ಮಾನ್ ಅಧಿಕಾರದಲ್ಲಿದ್ದಾಗ, 1988ರ ಮೇ ತಿಂಗಳಲ್ಲಿ, ವಿಶ್ವ ಆರೋಗ್ಯ ಸಮ್ಮೇಳನವು ಸೋಂಕಿತರ ವಿರುದ್ಧ ತಾರತಮ್ಯ ಸಲ್ಲದೆಂಬ ನಿರ್ಣಯವನ್ನು ಅಂಗೀಕರಿಸಿತು. ಅದೇ ವರ್ಷದ ಜನವರಿಯಲ್ಲಿ ಲಂಡನ್ನಿನಲ್ಲಿ 148 ದೇಶಗಳ ಪ್ರತಿನಿಧಿಗಳು ಸೇರಿದ್ದ ಆರೋಗ್ಯ ಸಚಿವರ ಸಮಾವೇಶದ ಘೋಷಣೆಯಲ್ಲೂ ಇದೇ ಆಶಯ ವ್ಯಕ್ತವಾಗಿತ್ತು. ನಿರ್ಣಯಗಳಿಂದಲೇ ಕಾನೂನು ಬದಲಾಗದು ಎಂಬುದು ಸರಿ. ಭಾರತದಲ್ಲಿ ಸೋಂಕಿತರ ಹಕ್ಕುಗಳನ್ನು ರಕ್ಷಿಸುವ, ಒಪ್ಪಿಗೆಯಿಲ್ಲದೆ ಪರೀಕ್ಷೆ ನಡೆಸುವುದನ್ನು ನಿಷೇಧಿಸುವ ಕಾಯಿದೆ ಸಂಸತ್ತಿನಲ್ಲಿ ಅಂಗೀಕಾರವಾದದ್ದು 2017ರಲ್ಲಿ, ಜಾರಿಗೆ ಬಂದದ್ದು 2018ರ ಸೆಪ್ಟೆಂಬರ್‌ನಲ್ಲಿ.

ಜಿನೀವಾದಲ್ಲಿ ಮಾನ್ ಅವರ ಬೆನ್ನಿಗಿದ್ದ ಮಾಲರ್ 1988ರಲ್ಲಿ ನಿವೃತ್ತರಾದರು. ಉತ್ತರಾಧಿಕಾರಿಯಾಗಿ ಬಂದ ಜಪಾನಿನ ಹಿರೋಷಿ ನಕಜಿಮಾ ಅವರಿಗೆ, ಒಂದೇ ರೋಗಕ್ಕೆ ಮೀಸಲಾದ ಕಾರ್ಯಕ್ರಮವು ಸಂಸ್ಥೆಯನ್ನೇ ಮೀರಿ ಬೆಳೆಯುತ್ತಿರುವುದು ಹಿಡಿಸಲಿಲ್ಲ. ನೇಮಕಾತಿ, ಪ್ರವಾಸ, ವೆಚ್ಚ ಎಲ್ಲಕ್ಕೂ ಅಡ್ಡಿ ಆತಂಕಗಳು ಎದುರಾದವು. ನಕಜಿಮಾ ಅವರ ವಾದದಲ್ಲಿ ಹುರುಳೇ ಇರಲಿಲ್ಲವೆಂದು ಹೇಳಲಾಗದು. ಬಡ ದೇಶಗಳನ್ನು ಕಾಡುವ ಇತರ ರೋಗಗಳಿಗೆ ಹಣ ಸಾಲುತ್ತಿರಲಿಲ್ಲ. ಆದರೆ ಏಡ್ಸ್ ಆಗ ಬೆಂಕಿಯಂತೆ ಹಬ್ಬುತ್ತಿತ್ತು. ಭಿನ್ನಾಭಿಪ್ರಾಯ ತಾರಕಕ್ಕೇರಿ 1990ರ ಮಾರ್ಚ್‌ನಲ್ಲಿ ಮಾನ್ ರಾಜೀನಾಮೆ ನೀಡಿದರು. ಅವರಿಗೆ ಆಗ 42 ವರ್ಷ.

ಬಾಸ್ಟನ್ ಕೈಬಿಟ್ಟ ಸಮ್ಮೇಳನ

ಹಾರ್ವರ್ಡ್‌ಗೆ ಮರಳಿದ ಮಾನ್ ಅವರಿಗೆ ತಮ್ಮ ದೇಶದೊಡನೆಯೇ ಜಗಳ ಕಾದಿತ್ತು. ಸೋಂಕಿತ ವಿದೇಶಿಯರಿಗೆ ಅಮೆರಿಕ 1987ರಿಂದ ಪ್ರವೇಶ ನಿರ್ಬಂಧಿಸಿತ್ತು. 1989ರಲ್ಲಿ ಏಡ್ಸ್ ಸಮ್ಮೇಳನವೊಂದಕ್ಕೆ ಹೊರಟಿದ್ದ ನೆದರ್‌ಲ್ಯಾಂಡ್ಸ್‌ನ ಕಾರ್ಯಕರ್ತರೊಬ್ಬರನ್ನು ವಿಮಾನ ನಿಲ್ದಾಣದಲ್ಲಿಯೇ ತಡೆದು ಬಂಧಿಸಲಾಗಿತ್ತು. 1992ರ ಅಂತರರಾಷ್ಟ್ರೀಯ ಏಡ್ಸ್ ಸಮ್ಮೇಳನ ಬಾಸ್ಟನ್ನಿನಲ್ಲಿ ನಡೆಯುವುದೆಂದು ನಿಶ್ಚಯವಾಗಿತ್ತು. ಅಧ್ಯಕ್ಷತೆ ಮಾನ್ ಅವರದು. ಕಾಯಿಲೆಯಿರುವವರು ಪ್ರವೇಶಿಸಲಾಗದ ದೇಶದಲ್ಲಿ ಆ ಕಾಯಿಲೆಯ ಸಮ್ಮೇಳನ ನಡೆಸುವುದು ವಿಪರ್ಯಾಸವಲ್ಲದೆ ಮತ್ತೇನು? ಕಡೆಗೆ ಸಮ್ಮೇಳನವನ್ನು ಆಮ್‌ಸ್ಟರ್‌ಡ್ಯಾಮ್‌ಗೆ ಸ್ಥಳಾಂತರಿಸಲಾಯಿತು. ಅಮೆರಿಕ ಆ ನಿರ್ಬಂಧವನ್ನು ಕಿತ್ತುಹಾಕಿದ್ದು 2010ರ ಜನವರಿಯಲ್ಲಿ.

ಅದೇ ವರ್ಷ ಡೇನಿಯಲ್ ಟ್ಯಾರಂಟೋಲಾ ಮತ್ತು ನೆಟ್ಟರ್ ಅವರೊಡನೆ ಮಾನ್ ಸಂಪಾದಿಸಿದ, ಜಗತ್ತಿನ ಏಡ್ಸ್ ಸ್ಥಿತಿಗತಿಯ ಬೃಹತ್ ಗ್ರಂಥ ಹೊರಬಂತು. 2000ದ ಹೊತ್ತಿಗೆ 3.8 ಕೋಟಿಯಿಂದ 11 ಕೋಟಿ ವಯಸ್ಕರಿಗೆ ಸೋಂಕು ತಗಲಬಹುದೆಂದು ಅವರ ತಂಡ ಅಂದಾಜಿಸಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು ಇದಕ್ಕಿಂತ ಬಹಳ ಕಡಿಮೆಯಿದ್ದುದರಿಂದ ಇದು ಉತ್ಪ್ರೇಕ್ಷೆಯೆಂಬ ಟೀಕೆ ಬಂತು. 2000ದ ಅಂತ್ಯದ ಲೆಕ್ಕದಂತೆ ಸೋಂಕಿನೊಂದಿಗೆ ಬದುಕಿದ್ದವರು 3.61 ಕೋಟಿ, ಅದುವರೆಗೆ ಸತ್ತವರು 2.18 ಕೋಟಿ. ಮೇಲಿನ ಮಿತಿ ಸುಳ್ಳಾಯಿತು. ಆದರೆ ಕೆಳಗಿನ ಮಿತಿಯನ್ನು ವಾಸ್ತವ ದಾಟಿತ್ತು.

1993ರಲ್ಲಿ ಹಾರ್ವರ್ಡ್‌ನಲ್ಲಿ ಆರೋಗ್ಯ ಮತ್ತು ಮಾನವ ಹಕ್ಕುಗಳಿಗಾಗಿಯೇ ಒಂದು ಕೇಂದ್ರ ಆರಂಭವಾಯಿತು. ಹೆಲಿಕಾಪ್ಟರ್ ದುರಂತದಲ್ಲಿ ಮಡಿದ ಮಗ ಫ್ರಾಂಸ್ವಾ ಕ್ಸೇವಿಯೆ ಬನ್ಯೂನ ನೆನಪಿಗಾಗಿ ಅಲ್ಬಿನಾ ದ್ಯು ಬ್ವಾರೂವ್ರೆ ಕೊಟ್ಟ ಕೊಡುಗೆಯಿಂದ ಕಟ್ಟಿದ ಈ ಕೇಂದ್ರದ ಮೊದಲ ನಿರ್ದೇಶಕರು ಮಾನ್. ಇಲ್ಲಿ ಅವರ ಚಿಂತನೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅವರು ಪದೇ ಪದೇ ಎತ್ತುತ್ತಿದ್ದದ್ದು ಪೂರ್ವ ಆಫ್ರಿಕಾದ ವಿವಾಹಿತ ಮಹಿಳೆಯರ ಉದಾಹರಣೆ. ಆ ಮಹಿಳೆಯರಿಗೆ ಏಡ್ಸ್ ಬಗ್ಗೆ ಗೊತ್ತಿತ್ತು, ಕಾಂಡೋಮ್ ಪೇಟೆಯಲ್ಲಿ ಸಿಗುತ್ತಿತ್ತು, ಗಂಡನ ಹೊರಗಿನ ಸಂಬಂಧಗಳ ಅರಿವೂ ಇತ್ತು. ಆದರೂ ಬೇಡವೆನ್ನುವ ಶಕ್ತಿ ಅವರಿಗಿರಲಿಲ್ಲ. ಬೇಡವೆಂದರೆ ಹೊಡೆತ ಬೀಳುತ್ತಿತ್ತು, ಇಲ್ಲವೇ ವಿಚ್ಛೇದನವಾಗುತ್ತಿತ್ತು. ವಿಚ್ಛೇದನವಾದರೆ ಆಸ್ತಿಯಲ್ಲಿ ಬಿಡಿಗಾಸಿನ ಪಾಲೂ ಇರಲಿಲ್ಲ. ಇಂಥವರಿಗೆ ಇನ್ನೊಂದು ಕರಪತ್ರ ಹಂಚಿ ಪ್ರಯೋಜನವೇನು? ಬದಲಾಗಬೇಕಾದದ್ದು ವಿವಾಹ, ವಿಚ್ಛೇದನ, ಆಸ್ತಿಯ ಕಾನೂನು ಎಂಬ ನಿರ್ಣಯಕ್ಕೆ ಮಾನ್ ಬಂದರು. ಆರೋಗ್ಯ ಇಲಾಖೆಯ ಕೆಲಸ ನ್ಯಾಯಾಲಯದ ಮೆಟ್ಟಿಲವರೆಗೂ ಹೋಗುತ್ತದೆಂಬ ಈ ಮಾತು ಆಗಿನ ಅನೇಕ ವೈದ್ಯರಿಗೆ ರುಚಿಸಲಿಲ್ಲ.

ಕರ್ನಾಟಕದ ಅನುಭವ ಈ ಮಾತಿಗೆ ದೂರದ್ದೇನಲ್ಲ. ಹೆಚ್ಚು ಸೋಂಕಿರುವ ಆರು ರಾಜ್ಯಗಳ ಪಟ್ಟಿಯಲ್ಲಿ ನಮ್ಮ ರಾಜ್ಯವೂ ಸೇರಿತ್ತು. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಗರ್ಭಿಣಿಯರಲ್ಲಿ ಸೋಂಕು ಕಂಡುಬಂದಾಗ, ಗಂಡನ ಹೊರತು ಬೇರಾರನ್ನೂ ಅರಿಯದ ಎಷ್ಟೋ ಹೆಣ್ಣುಮಕ್ಕಳು ಅವರಲ್ಲಿದ್ದರು. ಮೈಸೂರಿನಲ್ಲಿ ಲೈಂಗಿಕ ಕಾರ್ಯಕರ್ತೆಯರೇ ಕಟ್ಟಿಕೊಂಡ ಆಶೋದಯ ಸಮಿತಿ 2000ದ ದಶಕದ ಮಧ್ಯಭಾಗದಿಂದ ಮಾಡಿದ ಕೆಲಸದಲ್ಲಿ ಕಾಂಡೋಮ್ ಹಂಚಿಕೆಯಷ್ಟೇ ಹಿಂಸೆಯ ವಿರುದ್ಧದ ಹೋರಾಟಕ್ಕೂ ಸ್ಥಾನವಿತ್ತು.

ಕೊನೆಯ ವರ್ಷಗಳು ಮಾನ್ ಅವರಿಗೆ ಸುಖಕರವಾಗಿರಲಿಲ್ಲ. 1996ರಲ್ಲಿ ವಿಶ್ವಸಂಸ್ಥೆಯ ಹೊಸ ಏಡ್ಸ್ ಸಂಸ್ಥೆ ಅಸ್ತಿತ್ವಕ್ಕೆ ಬಂದಾಗ ಅದರ ನೇತೃತ್ವ ಪೀಟರ್ ಪಿಯೋ ಅವರ ಪಾಲಾಯಿತು. ಅದೇ ವರ್ಷ ಹಲವು ಔಷಧಗಳನ್ನು ಕೂಡಿಸಿ ಕೊಡುವ ಚಿಕಿತ್ಸೆ ಯಶಸ್ವಿಯೆಂದು ಸಾಬೀತಾಗಿ ಶ್ರೀಮಂತ ದೇಶಗಳಲ್ಲಿ ಸಾವು ತಗ್ಗತೊಡಗಿತು. ಆಫ್ರಿಕಾಕ್ಕೆ ಅದು ಗಗನ ಕುಸುಮವಾಗಿಯೇ ಉಳಿಯಿತು. ಮಾನ್ 1998ರ ಆರಂಭದಲ್ಲಿ ಫಿಲಡೆಲ್ಫಿಯಾದ ಅಲಿಗೇನಿ ವಿಶ್ವವಿದ್ಯಾಲಯದ ಸಾರ್ವಜನಿಕ ಆರೋಗ್ಯ ಶಾಲೆಯ ಡೀನ್ ಆಗಿ ಹೋದರು. ಅದರ ಮಾತೃಸಂಸ್ಥೆ ಆ ಜುಲೈನಲ್ಲಿ ದಿವಾಳಿಯೆದ್ದಿತು. ಅದಕ್ಕೆ ಮೊದಲು, ಮಾರ್ಚ್‌ನಲ್ಲಿ, ಲಸಿಕೆಯ ಪ್ರಯೋಗಗಳನ್ನು ವಿಳಂಬಿಸುವ ಮೂಲಕ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಮಾನವ ಹಕ್ಕುಗಳನ್ನು ಉಲ್ಲಂಘಿಸುತ್ತಿದೆ ಎಂದು ಆಪಾದಿಸಿ ಅವರು ವಿಜ್ಞಾನಿಗಳ ಸಿಟ್ಟಿಗೆ ಗುರಿಯಾಗಿದ್ದರು. ಇಲ್ಲಿ ಅವರು ಅವಸರಪಟ್ಟರೆನಿಸುತ್ತದೆ. ಮುಂದೆ ಮನುಷ್ಯರ ಮೇಲೆ ದೊಡ್ಡ ಪ್ರಮಾಣದಲ್ಲಿ ಪ್ರಯೋಗಿಸಿದ ಲಸಿಕೆ 2003ರಲ್ಲಿ ವಿಫಲವಾಯಿತು. ಬಳಕೆಗೆ ಯೋಗ್ಯವಾದ ಎಚ್‌ಐವಿ ಲಸಿಕೆ ಇಂದಿಗೂ ದೊರೆತಿಲ್ಲ. ಚಿಕಿತ್ಸೆಯ ವಿಷಯ ಬೇರೆ. 2024ರ ಅಂತ್ಯಕ್ಕೆ ಜಗತ್ತಿನ 4.08 ಕೋಟಿ ಸೋಂಕಿತರಲ್ಲಿ 3.16 ಕೋಟಿ ಜನರಿಗೆ ಔಷಧ ದೊರೆಯುತ್ತಿತ್ತು. ಆದರೂ ಆ ಒಂದು ವರ್ಷದಲ್ಲಿ ಸತ್ತವರು 6.3 ಲಕ್ಷ.

1998ರ ಸೆಪ್ಟೆಂಬರ್ 2ರ ರಾತ್ರಿ ನ್ಯೂಯಾರ್ಕಿನಿಂದ ಜಿನೀವಾಗೆ ಹೊರಟ ಸ್ವಿಸ್‌ಏರ್ 111 ವಿಮಾನದಲ್ಲಿ ಮಾನ್ ದಂಪತಿ ಇದ್ದರು. ಪತ್ನಿ ಮೇರಿ ಲೂ ಕ್ಲೆಮೆಂಟ್ಸ್ ಮಾನ್ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಲಸಿಕೆ ವಿಜ್ಞಾನಿ. ಏಡ್ಸ್ ಕುರಿತ ಸಭೆಗಳಿಗಾಗಿ ಇಬ್ಬರೂ ಹೊರಟಿದ್ದರು. ಕೆನಡಾದ ನೋವಾ ಸ್ಕೋಷಿಯಾ ಕರಾವಳಿಯ ಬಳಿ ವಿಮಾನ ಬೆಂಕಿಗೆ ತುತ್ತಾಗಿ ಸಮುದ್ರಕ್ಕೆ ಬಿತ್ತು. ಅದರಲ್ಲಿದ್ದ 229 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಮಾನ್ ಅವರಿಗೆ 51 ವರ್ಷ ವಯಸ್ಸಾಗಿತ್ತು.

ಮರುವರ್ಷದಿಂದ ಅವರ ಹೆಸರಿನಲ್ಲಿ ಆರೋಗ್ಯ ಮತ್ತು ಮಾನವ ಹಕ್ಕುಗಳ ಪ್ರಶಸ್ತಿಯೊಂದನ್ನು ಸ್ಥಾಪಿಸಲಾಯಿತು. 2008ರಲ್ಲಿ ಅದು ಸಂದದ್ದು ಛತ್ತೀಸ್‌ಗಢದ ಆದಿವಾಸಿಗಳ ನಡುವೆ ದುಡಿದ ಮಕ್ಕಳ ವೈದ್ಯ ಡಾ. ಬಿನಾಯಕ್ ಸೇನ್ ಅವರಿಗೆ. ಮಾವೋವಾದಿಗಳೊಡನೆ ನಂಟಿನ ಆರೋಪ ಹೊತ್ತು, ಅದನ್ನು ನಿರಾಕರಿಸುತ್ತಲೇ ಅವರು ಆಗ ರಾಯಪುರದ ಜೈಲಿನಲ್ಲಿದ್ದರು. ಪ್ರಶಸ್ತಿ ಸ್ವೀಕರಿಸಲು ಅವರನ್ನು ಬಿಡಬೇಕೆಂದು 22 ಮಂದಿ ನೊಬೆಲ್ ಪುರಸ್ಕೃತರು ಸರ್ಕಾರಕ್ಕೆ ಪತ್ರ ಬರೆದರೂ ಬಿಡುಗಡೆಯಾಗಲಿಲ್ಲ. ಪತ್ನಿ ಇಲಿನಾ ಸೇನ್ ಅವರ ಪರವಾಗಿ ಅದನ್ನು ಸ್ವೀಕರಿಸಿದರು.